ಹೊಸದಾಗಿ ಸೇರಿದ ಪಶು ಕ್ಲಿನಿಕ್ ಮ್ಯಾನೇಜರ್‌ಗಳಿಗೂ, ಹಳಬರಿಗೂ

ನಮಸ್ಕಾರ. ಮಾಲೂರು, ಮುಳಬಾಗಿಲು, ಚಿಂತಾಮಣಿ ಕಡೆಯವರೂ ಈಗ ನಮ್ಮ ಜೊತೆ ಇದ್ದಾರೆ. ಪಶುವೈದ್ಯರಿಗೆ ಅವರದೇ ಸಂಘ ಇದೆ. ಕೌಂಟರ್, ಸ್ಟಾಕ್, ಸಿಬ್ಬಂದಿ ರಜೆ, ಬಾಕಿ ವಸೂಲಿ ಅಂತ ಒದ್ದಾಡುವ ನಮ್ಮನ್ನು ಕೇಳೋರು ಯಾರು? ಅದಕ್ಕೇ ಈ ಗುಂಪು.

ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ. ಕೆಲಸದ ಪ್ರಶ್ನೆ ಎಷ್ಟೇ ಸಣ್ಣದಿರಲಿ, ಹಾಕಿ. ಮೊನ್ನೆ ಒಬ್ಬರು ಕೇಳಿದರು: ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ, ಫ್ರಿಜ್‌ನಲ್ಲಿರುವ ರೇಬೀಸ್ ಲಸಿಕೆ ಏನು ಮಾಡೋದು? ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಥರ್ಮಾಮೀಟರ್ ಜಾಸ್ತಿ ತೋರಿಸಿದರೆ ಆ ಬಾಟಲಿಗಳನ್ನು ಬೇರೆ ಇಡಿ. ಡಾಕ್ಟರನ್ನೂ ಕಂಪನಿಯವರನ್ನೂ ಕೇಳುವ ತನಕ ಮುಟ್ಟಬೇಡಿ. ಹೆಪ್ಪುಗಟ್ಟಿದರೂ ಹಾಳೇ. ಪಕ್ಕದ ಊರಿನ ಕ್ಲಿನಿಕ್‌ನಿಂದ ಸಾಲ ತರುವಾಗ ಬಾಟಲಿ ನೇರವಾಗಿ ಐಸ್‌ಗೆ ತಾಗದಂತೆ ನೋಡಿಕೊಳ್ಳಿ.

ಹಸು ಮೇಲೇಳ್ತಿಲ್ಲ ಅಂತ ಹಳ್ಳಿಯಿಂದ ಫೋನ್ ಬಂದು, ನಿಮ್ಮ ಡಾಕ್ಟರ್ ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಲು ಹೇಳಿ.

ಪ್ರಾಣಿ ಮಾಲೀಕರ ಹೆಸರು, ನಂಬರ್ ಇಲ್ಲಿ ಹಾಕಬೇಡಿ. ನಾಯಿ ಸತ್ತ ದಿನ ಮನೆಯವರ ಕೂಗಾಟ ಕೇಳಿ ತಲೆ ಕೆಟ್ಟಿದ್ದರೆ ಗುಂಪಿನಲ್ಲೇ ಬರೆಯಬೇಕೆಂದಿಲ್ಲ, ನಮ್ಮಲ್ಲಿ ಯಾರಿಗಾದರೂ ಫೋನ್ ಮಾಡಿ. ನಾವೆಲ್ಲ ಬೈಸಿಕೊಂಡವರೇ ಅಲ್ವಾ!

ನಿಮ್ಮ ಊರು, ಲಸಿಕೆ ಫ್ರಿಜ್‌ಗೆ ಯುಪಿಎಸ್ ಇದೆಯೋ ಇಲ್ಲವೋ, ಶನಿವಾರದೊಳಗೆ ತಿಳಿಸಿ.