ಸಹಿ ಕೇಳುವ ಮೊದಲು ನಮ್ಮ ಹಕ್ಕು ಓದಿ ಹೇಳಿಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮೂರು ವರ್ಷದಲ್ಲಿ ಎರಡು ಅರ್ಜಿ ಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದು ರಾತ್ರಿ. ಬೆಳಿಗ್ಗೆ ಆಪರೇಷನ್ ಅಂದರು. ಯಾಕೆ, ಬೇರೆ ದಾರಿ ಇದೆಯಾ, ಏನು ತೊಂದರೆ ಆಗಬಹುದು, ಯಾರೂ ಹೇಳಲಿಲ್ಲ. ಬೆಳಗಿನ ಜಾವ ಒಬ್ಬರು ಫಾರಂ ಹಿಡಿದು ಬಂದರು. ನಾಲ್ಕು ಹಾಳೆ, ಸಣ್ಣ ಅಕ್ಷರ, ಅಮ್ಮನಿಗೆ ಬಾರದ ಭಾಷೆ. ಮೊದಲ ಮೂರು ಹಾಳೆ ಹಿಂದಕ್ಕೆ ಮಡಚಿ, ಕೊನೆಯದರ ಕೆಳಗೆ ಬೆರಳಿಟ್ಟು ‘ಇಲ್ಲಿ’ ಅಂದರು. ಅಮ್ಮನ ಬಲಗೈಗೆ ಡ್ರಿಪ್ ಹಾಕಿದ್ದರು. ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರು.

ನಮ್ಮಮ್ಮ ಓದು ಬರಹ ಬಲ್ಲವಳು, ಸಚಿವರೇ. ಅಲ್ಲಿವರೆಗೆ ಎಲ್ಲೂ ಹೆಬ್ಬೆಟ್ಟು ಒತ್ತಿದವಳಲ್ಲ. ಆಪರೇಷನ್‌ಗೆ ಒಯ್ಯುವ ತನಕ ಆ ಬೆರಳನ್ನು ಹೊದಿಕೆಗೆ ಉಜ್ಜುತ್ತಲೇ ಇದ್ದಳು. ‘ಒಂದ್ಸಲ ಓದಬಹುದಾ?’ ಅಂತ ನಾನು ಕೇಳಿದ್ದಕ್ಕೆ, ‘ಟೈಮಿಲ್ಲ, ಎಲ್ಲರೂ ಹಾಕ್ತಾರೆ’ ಅಂದರು. ನಾನು ಸುಮ್ಮನಾದೆ. ಜಾಸ್ತಿ ಮಾತಾಡಿದರೆ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳದೇ ಹೋದರೆ ಅನ್ನೋ ಭಯ. ಆ ಸುಮ್ಮನಾಗಿದ್ದು ಇವತ್ತಿಗೂ ಚುಚ್ಚುತ್ತದೆ.

ಕೇಳುವ ಹಕ್ಕು ನಮಗಿತ್ತು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ನಂತರ. ನಿಮಗಂತೂ ಗೊತ್ತೇ ಇರುತ್ತದೆ. ವಿಶ್ವ ವೈದ್ಯಕೀಯ ಸಂಘ 1981ರಲ್ಲೇ ಲಿಸ್ಬನ್‌ನಲ್ಲಿ ರೋಗಿಯ ಹಕ್ಕುಗಳನ್ನು ಘೋಷಿಸಿತು. 1995ರಲ್ಲಿ ಅದನ್ನು ತಿದ್ದಿ ಬೆಳೆಸಿತು. ಚಿಕಿತ್ಸೆ ಒಪ್ಪುವುದು, ಬೇಡ ಅನ್ನುವುದು ರೋಗಿಗೆ ಬಿಟ್ಟಿದ್ದು. ಯಾವ ಹಂತದಲ್ಲಾದರೂ ಇನ್ನೊಬ್ಬ ಡಾಕ್ಟರನ್ನು ಕೇಳಬಹುದು. ಹೇಳುವುದನ್ನು ರೋಗಿಗೆ ಅರ್ಥವಾಗುವ ಹಾಗೆ ಹೇಳಬೇಕು. ಇದನ್ನು ಬರೆದವರು ಡಾಕ್ಟರುಗಳೇ. ಹಾಗಿದ್ದೂ ಮಂಚದ ಮೇಲೆ ಮಲಗಿದವರಿಗೆ ಇದರ ಸುದ್ದಿಯೇ ಇಲ್ಲ.

ನಾನು ಕೇಳುವುದು ಒಂದೇ. ಸಹಿ ಕೇಳುವ ಮೊದಲು ರೋಗಿಯ ಹಕ್ಕುಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು. ಗೋಡೆಗೆ ಬೋರ್ಡ್ ಹಾಕಿದರೆ ಸಾಲದು. ನೋವಿನಲ್ಲಿ ನರಳುವವರು ಬೋರ್ಡ್ ಓದುತ್ತಾ ನಿಲ್ಲುತ್ತಾರಾ? ಓದಿ ಹೇಳಲು ಹತ್ತು ನಿಮಿಷ ಸಾಕು. ಸಿಬ್ಬಂದಿ ಕಡಿಮೆ ಅನ್ನಬೇಡಿ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬೆಳಗಿನ ಜಾವಕ್ಕೆ ಜನ ಸಿಗುತ್ತಾರೆ, ಓದಿ ಹೇಳಲು ಸಿಗಲ್ವಾ? ತುರ್ತು ಇದ್ದಾಗ ಮೊದಲು ಜೀವ ಉಳಿಸಲಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ಉಳಿದೆಲ್ಲ ಕಡೆ ಮೊದಲು ಓದಿ ಹೇಳಿ, ಆಮೇಲೆ ಸಹಿ ಕೇಳಿ.

ಅಮ್ಮನಿಗೆ ಮುಂದಿನ ತಿಂಗಳು ಇನ್ನೊಂದು ಆಪರೇಷನ್ ಇದೆ. ಅಷ್ಟರೊಳಗೆ ಆದೇಶ ಹೊರಡಿಸಿ.

ಇಂತಿ,
ರೋಗಿಯೊಬ್ಬರ ಮಗಳು