ಮಾತಾಡುವ ಮುಂಚೆ ಆ ಪದಕ ಒಮ್ಮೆ ನೋಡು

ಚಿಕ್ಕಮಗಳೂರು
ಮಂಗಳವಾರ ರಾತ್ರಿ

ಮಗೂ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಮೂರು ಸಲ ಓದಿದೆ. ಚರ್ಚಿನಲ್ಲಿ ಅಪ್ಪನ ವರ್ಷದ ಪೂಜೆಯಲ್ಲಿ ಮಾತಾಡೋಕೆ ಬರೆದಿದ್ದೀನಿ, ನೋಡಿ ಹೇಳಿ ಅತ್ತೆ ಅಂದಿದ್ದೀಯ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳ ಕೈಗೆ ಇದನ್ನು ಕೊಟ್ಟರೆ ಏನಾಗುತ್ತದೆ ಅಂತ ನಿನಗೆ ಗೊತ್ತಿರಬೇಕಿತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಅಂತೀಯ, ಇಟ್ಟ ಮೇಲೆ ಮರೆತುಬಿಡುತ್ತೀಯ. ಅದಕ್ಕೇ ಪತ್ರ.

ಬರವಣಿಗೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಓದುತ್ತಾ ಹೋದ ಹಾಗೆ ನನಗೆ ಎಲ್ಲೂ ನನ್ನ ಅಣ್ಣ, ನಿನ್ನಪ್ಪ, ಸಿಗಲಿಲ್ಲ. ವೀರಯೋಧ, ತ್ಯಾಗಮೂರ್ತಿ, ಆದರ್ಶ ತಂದೆ, ದೈವಭಕ್ತ. ಇದೆಲ್ಲ ಸನ್ಮಾನದ ಶಾಲು ಇದ್ದ ಹಾಗೆ, ಯಾರ ಹೆಗಲಿಗೆ ಹಾಕಿದರೂ ಕೂತುಬಿಡುತ್ತದೆ. ಅಣ್ಣನಿಗೆ ಶಾಲು ಹಾಕೋಕೆ ಬಂದವರನ್ನು ಅವನು ಹೇಗೆ ನೋಡುತ್ತಿದ್ದ ಅಂತ ನೆನಪಿದೆ ಅಲ್ವಾ? ಆ ಆಗಸ್ಟ್ 15ರಂದು ಹೊಟ್ಟೆ ಸರಿಯಿಲ್ಲ ಅಂತ ಮಲಗಿಬಿಟ್ಟಿದ್ದ, ಮಧ್ಯಾಹ್ನ ಎದ್ದು ಎರಡು ಮುದ್ದೆ ತಿಂದ.

ಇನ್ನು ತಪ್ಪುಗಳು. "1971ರಲ್ಲಿ ಢಾಕಾದಲ್ಲಿ 93,000 ಪಾಕಿಸ್ತಾನಿ ಸೈನಿಕರು ಅಪ್ಪನ ಕಣ್ಣೆದುರೇ ಶರಣಾದರು" ಅಂತ ಬರೆದಿದ್ದೀಯ. ನಿನ್ನಪ್ಪ ಢಾಕಾ ಕಂಡೇ ಇಲ್ಲ ಮಗೂ. ಆ ಸಂಖ್ಯೆ ಇಡೀ ಪೂರ್ವ ಪಾಕಿಸ್ತಾನದ್ದು, ಅದರಲ್ಲಿ ಸೈನಿಕರಲ್ಲದವರೂ ಇದ್ದರು, ಅದು ಬೇರೆ ಮಾತು. ಅಣ್ಣ ಇದ್ದದ್ದು ಇನ್ನೊಂದು ಗಡಿಯಲ್ಲಿ, ಪಶ್ಚಿಮದಲ್ಲಿ. ಶಕರ್‌ಗಢ ಕಡೆ, ಬಸಂತರ್ ನದಿ ಹತ್ತಿರ. ಬೀರುವಿನ ಮೇಲಿನ ಅರೆಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ ಇದೆ, ನಿನ್ನಮ್ಮನನ್ನು ಕೇಳಿ ತೆಗೆಸು. ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್ ಪದಕ ಕೊಟ್ಟರು, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಡಬ್ಬಿಯಲ್ಲಿ ಯಾವುದಿದೆ ಅಂತ ನೀನೇ ಓದಿಕೋ. ಪೂಜೆಗೆ ಅವನ ಜೊತೆ ಪೆನ್ಶನ್ ತಗೊಂಡವರು ನಾಲ್ಕಾರು ಜನ ಬಂದೇ ಬರುತ್ತಾರೆ. ನೀನು ಮೈಕಿನಲ್ಲಿ ಢಾಕಾ ಅಂದರೆ ಅವರು ತಲೆ ತಗ್ಗಿಸಿ ಕೂರಬೇಕಾಗುತ್ತದೆ.

ಬಂದೂಕು ಹಿಡಿದು ಮುನ್ನುಗ್ಗಿದರು ಅಂತಲೂ ಬರೆದಿದ್ದೀಯ. ಅವನು ಸ್ಯಾಪರ್. 1967ರಲ್ಲಿ, ಹತ್ತೊಂಬತ್ತು ವರ್ಷಕ್ಕೆ, ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೆಂಟರಿಗೆ ಹೋಗಿ ಸೇರಿದ. ಮದ್ರಾಸ್ ಸ್ಯಾಪರ್ಸ್ ಅನ್ನುವುದು ಅವರನ್ನೇ. ಸೇತುವೆ ಹಾಕುವುದು, ದಾರಿ ಮಾಡುವುದು, ನೆಲದಲ್ಲಿ ಹೂತ ಮೈನ್, ಅಂದರೆ ನೆಲಬಾಂಬು ತೆಗೆಯುವುದು ಅವರ ಕೆಲಸ. ಡಿಸೆಂಬರ್ 15ರ ರಾತ್ರಿ ನಮ್ಮ ಟ್ಯಾಂಕುಗಳು ಬಸಂತರ್ ದಾಟಬೇಕಿತ್ತು, ಅಲ್ಲೆಲ್ಲ ಮೈನ್ ತುಂಬಿತ್ತು. ಸ್ಯಾಪರ್‌ಗಳು ಕತ್ತಲಲ್ಲಿ ದಾರಿ ಬಿಡಿಸುತ್ತಿದ್ದಾಗ, ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿ ಹೋದವು. ಮಾರನೇ ದಿನ ಅಲ್ಲೇ ತೀರಿಕೊಂಡ ಅರುಣ್ ಖೇತರ್‌ಪಾಲ್ ಅವರಿಗೆ ಪರಮವೀರ ಚಕ್ರ ಬಂತು. ಇಪ್ಪತ್ತೊಂದು ವರ್ಷದ ಹುಡುಗ. ಟೀವಿಯಲ್ಲಿ ಆ ಹೆಸರು ಬಂದಾಗ ಅಣ್ಣ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ನೀವೆಲ್ಲ ನೀರು ಕುಡಿಯೋಕೆ ಎದ್ದ ಅಂದುಕೊಳ್ಳುತ್ತಿದ್ದಿರಿ.

ಮೈನ್ ಹುಡುಕುವುದು ಹೇಗೆ ಗೊತ್ತಾ? ನೆಲಕ್ಕೆ ಅಂಟಿಕೊಂಡು ಮಲಗಿ, ತೆಳ್ಳನೆಯ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಮೈನಿನ ನೆತ್ತಿಗೆ ತಾಕುತ್ತದೆ, ಅಲ್ಲಿಗೆ ಮುಗಿಯಿತು. ಓರೆಯಾಗಿ ಹೋದರೆ ಪಕ್ಕಕ್ಕೆ ತಾಕಿ ನಿಲ್ಲುತ್ತದೆ. ಈಗ ನಿಮ್ಮ ಹಿತ್ತಲು ನೆನಪಿಸಿಕೋ. ಊರಲ್ಲಿ ಎಲ್ಲರೂ ಆಲೂಗಡ್ಡೆ ಕೀಳುವಾಗ ಗುದ್ದಲಿ ಹಾಕಿ ಎಳೆಯುತ್ತಾರೆ, ಹತ್ತರಲ್ಲಿ ಎರಡು ಸೀಳಿಹೋಗುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿನ್ನಪ್ಪ ಮಾತ್ರ ಮಂಡಿ ಊರಿ ಕೂತು, ಒಂದು ಹಳೇ ಕೊಡೆಯ ಕಡ್ಡಿಯನ್ನು ಓರೆಯಾಗಿ ಚುಚ್ಚಿ ಚುಚ್ಚಿ, ಸಿಕ್ಕಿದ ಮೇಲೆ ಸುತ್ತ ಮಣ್ಣನ್ನು ಬೆರಳಲ್ಲಿ ಬಿಡಿಸಿ ಒಂದೊಂದೇ ತೆಗೆಯುತ್ತಿದ್ದ. ಒಂದೂ ಗಾಯ ಇರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು, ನಾನಂತೂ ಜಾಸ್ತಿ. ಇದನ್ನು ಹೇಳು. ಇದು ಅಣ್ಣ.

ಈಗ ಕೊನೆಯ ಬೆಂಚಿನ ವಿಷಯ. "ಅಪ್ಪ ವಿನಯದಿಂದ ಯಾವಾಗಲೂ ಚರ್ಚಿನ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದರು" ಅಂತ ಬರೆದಿದ್ದೀಯ. ಅಲ್ಲಿ ನನ್ನ ಕೈ ನಿಂತಿತು. ಎಷ್ಟೋ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಬೇಸಿಗೆ, ನೀನು ಹೈಸ್ಕೂಲಿನಲ್ಲಿ ಇದ್ದಿರಬೇಕು, ನಾನೂ ಅವನೂ ಇಬ್ಬರೇ ನೀರಲ್ಲಿ ಮುಳುಗಿದ ನಮ್ಮೂರು ಶೆಟ್ಟಿಹಳ್ಳಿಗೆ ಹೋಗಿದ್ದೆವು. ಗೊರೂರು ಹಿನ್ನೀರು ಇಳಿದು ನಮ್ಮ ಹಳೇ ಚರ್ಚು ಪೂರ್ತಿ ಹೊರಗೆ ಬಂದಿತ್ತು. ಬಿಸಿಲಿಗೆ ಬಿರಿದ ಕೆಸರಿನ ಮೇಲೆ ನಡೆದು ಒಳಗೆ ಹೋದೆವು. ಚಾವಣಿ ಇಲ್ಲ, ಬೆಂಚಿಲ್ಲ, ಆದರೂ ಅಣ್ಣ ಸೀದಾ ಹಿಂದಿನ ಗೋಡೆಗೆ ಹೋಗಿ ಬೆನ್ನು ಕೊಟ್ಟು ಕೂತ. ನಾನು ತಮಾಷೆಗೆ ಅಂದೆ, ಇಲ್ಲೂ ಹಿಂದೆಯೇ ಯಾಕೋ, ಪೀಠದ ಹತ್ತಿರ ಬಾ. ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ.

ಸ್ಯಾಪರ್‌ಗಳಿಗೆ ಯುದ್ಧ ಡಿಸೆಂಬರ್ 17ಕ್ಕೆ ಮುಗಿಯಲಿಲ್ಲ. ಹೂತ ಮೈನ್ ತೆಗೆಯುವ ಕೆಲಸ ಆಮೇಲೂ ಇತ್ತು. ಒಂದು ದಿನ ಬೆಳಗ್ಗೆ, ಮೈನ್ ತೆಗೆದಾಗಿದೆ ಅಂತ ಬಿಳಿ ಪಟ್ಟಿ ಕಟ್ಟಿದ ದಾರಿಯಲ್ಲಿ ಸಾಲಾಗಿ ನಡೆಯುತ್ತಿದ್ದರಂತೆ. ಅಣ್ಣನ ಹಿಂದೆ ಸೇಲಂ ಕಡೆಯ ಒಬ್ಬ ಹುಡುಗ, ಟ್ರೇನಿಂಗಿನಿಂದಲೂ ಜೊತೆಗಿದ್ದವನು. ಏನೋ ಹೇಳುತ್ತಾ ಬರುತ್ತಿದ್ದನಂತೆ. ಎಲ್ಲಿ ಕಾಲು ತಪ್ಪಿತೋ. ಅಣ್ಣ ತಿರುಗಿ ನೋಡುವಷ್ಟರಲ್ಲಿ ಆಗಿಹೋಗಿತ್ತು. ಅವತ್ತಿನಿಂದ ತನ್ನ ಹಿಂದೆ ಯಾರಾದರೂ ಇದ್ದರೆ, ಅವರ ಉಸಿರು ಕೇಳಿಸಿದರೆ, ಪೂಜೆಯಲ್ಲಿ ಒಂದು ಮಾತೂ ತಲೆಗೆ ಹೋಗುವುದಿಲ್ಲ ಅಂದ. ಗೋಡೆ ಇದ್ದರೆ ಪರವಾಗಿಲ್ಲ ಅಂದ. ಅಷ್ಟೇ. ಮಕ್ಕಳಿಗೆ ಹೇಳಬೇಡ ಅಂದ, ನಾನು ಹೇಳಲಿಲ್ಲ. ಈಗ ನಿನಗೂ ತಲೆ ನರೆತಿದೆ, ಮಾತು ಕೊಟ್ಟವಳೂ ಇಲ್ಲ, ಮಾತು ತಗೊಂಡವನೂ ಇಲ್ಲ ಅನ್ನುವ ಹಾಗಾಗುವ ಮುಂಚೆ ಬರೆಯುತ್ತಿದ್ದೇನೆ. ಇದನ್ನು ಮೈಕಿನಲ್ಲಿ ಹೇಳಬೇಡ. ಅಕ್ಕನಿಗೆ ಹೇಳು, ನಿನ್ನ ಮಕ್ಕಳು ದೊಡ್ಡವರಾದಾಗ ಹೇಳು. ಪೂಜೆಯಲ್ಲಿ ವಿನಯದಿಂದ ಅನ್ನುವ ಒಂದು ಪದ ಹೊಡೆದುಹಾಕು ಸಾಕು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅಷ್ಟು ನಿಜ.

ಒಂದು ಭಾನುವಾರವೂ ತಪ್ಪಿಸಿದವರಲ್ಲ ಅಂತಲೂ ಇದೆ. ನಿಮಗೆ ಬುದ್ಧಿ ಬಂದ ಮೇಲೆ ಅದು ಸರಿ, ಜ್ವರ ಇದ್ದರೂ ಹೋಗುತ್ತಿದ್ದ. ಆದರೆ 1979ರಲ್ಲಿ ಗೊರೂರು ಅಣೆ ಮುಗಿದು ಊರಿಗೆ ನೀರು ನುಗ್ಗಿದ ಮೇಲೆ ಎರಡು ರಜೆಗೆ ಬಂದಾಗಲೂ ಅವನು ಯಾವ ಚರ್ಚಿನ ಒಳಗೂ ಕಾಲಿಡಲಿಲ್ಲ. ಅತ್ತಿಗೆಯನ್ನು ಗೇಟಿನ ತನಕ ಬಿಟ್ಟು, ಪೂಜೆ ಮುಗಿಯುವ ತನಕ ಹೊರಗೆ ಮರದ ಕೆಳಗೆ ನಿಂತಿರುತ್ತಿದ್ದ. 1860ರ ದಶಕದಲ್ಲಿ ಫ್ರೆಂಚ್ ಸ್ವಾಮಿಗಳು ಕಟ್ಟಿಸಿದ ಚರ್ಚು, ನಮ್ಮಜ್ಜನ ಕಾಲದಿಂದ ನಮ್ಮ ಮನೆಯವರೆಲ್ಲ ಅಲ್ಲೇ ಜ್ಞಾನಸ್ನಾನ ಆದವರು. ಅವನು ಗಡಿಯಲ್ಲಿದ್ದಾಗ ನಮ್ಮಮ್ಮ ದಿನಾ ಸಂಜೆ ಅಲ್ಲೇ ಮಂಡಿಯೂರಿ ಜಪಸರ ಮಾಡುತ್ತಿದ್ದಳು. ಗಡಿ ಕಾಯೋಕೆ ಹೋದೆ, ಹಿಂದೆ ಊರೇ ಇಲ್ಲ ಅಂದಿದ್ದ ಒಂದು ಸಲ. ಸಿಟ್ಟು ದೇವರ ಮೇಲೋ ಸರ್ಕಾರದ ಮೇಲೋ, ನಾನು ಕೇಳಲಿಲ್ಲ. 1981ರಲ್ಲಿ ನೀನು ಹುಟ್ಟಿದೆ. ಮಗನ ಜ್ಞಾನಸ್ನಾನಕ್ಕೆ ಅಪ್ಪ ಹೊರಗೆ ನಿಂತರೆ ಆಗುತ್ತದಾ ಅಂತ ಅಮ್ಮ ಎರಡು ದಿನ ಊಟ ಬಿಟ್ಟಳು, ಬಂದ. ಭಕ್ತಿಗೆ ಬಂದನೋ ಅಮ್ಮನ ಕಾಟಕ್ಕೆ ಬಂದನೋ, ಅಂತೂ ಬಂದವನು ಆಮೇಲೆ ಬಿಡಲಿಲ್ಲ.

ಅಪ್ಪ ಒಂದು ದಿನವೂ ಕೋಪ ಮಾಡಿಕೊಂಡವರಲ್ಲ ಅನ್ನುವ ಸಾಲನ್ನು ದಯವಿಟ್ಟು ತೆಗೆ. ಮುಂದಿನ ಸಾಲಿನಲ್ಲಿ ನಿನ್ನಕ್ಕ ಕೂತಿರುತ್ತಾಳೆ. ಅವಳ ಮದುವೆ ವಿಷಯದಲ್ಲಿ ಒಂದೂವರೆ ವರ್ಷ ಅವಳ ಜೊತೆ ಮಾತು ಬಿಟ್ಟವನು ಅವನು. ತಪ್ಪು ಅವನದೇ, ನಾನು ಆಗಲೂ ಅಂದಿದ್ದೆ. ಆ ವಿಷಯ ಎತ್ತು ಅನ್ನುತ್ತಿಲ್ಲ, ಆದರೆ ಅವಳೆದುರು ಸುಳ್ಳು ಹೇಳಬೇಡ. ಬೇಕಾದರೆ ಅವಳು ಮಗು ಎತ್ತಿಕೊಂಡು ಬಂದ ದಿನ ನಿನ್ನಪ್ಪ ಏನೂ ಮಾತಾಡದೆ ಬೆಳಗಿನ ಜಾವ ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದನಲ್ಲ, ಅದನ್ನು ಹೇಳು. ಬಸ್ಸು ಬಂದದ್ದು ಆರೂಕಾಲಿಗೆ. ನಿನಗೂ ಹಾಗೇ ನಿಂತಿದ್ದಾನೆ, ನೀನು ಬೆಂಗಳೂರಿನಿಂದ ಬಂದಾಗಲೆಲ್ಲ, ಬೇಡ ಅಂದರೂ.

ಒಳ್ಳೆಯ ಅಪ್ಪ ಅಂತ ಹೇಳೋಕೆ ನಿನಗೆ ಮಾತು ಬೇಕಿದ್ದರೆ ಅತ್ತಿಗೆಯ ಟ್ರಂಕಿನಲ್ಲಿ ಮನಿಆರ್ಡರ್ ಕೂಪನ್‌ಗಳ ಕಟ್ಟು ಇದೆ. ಫಾರಂ ಕೆಳಗೆ ಎರಡು ಸಾಲು ಬರೆಯೋಕೆ ಜಾಗ ಇರುತ್ತಿತ್ತು. ಕಾಗದಕ್ಕೆ ದುಡ್ಡು ಖರ್ಚು ಅಂತ ಅವನು ಎಲ್ಲವನ್ನೂ ಅಲ್ಲೇ ಬರೆದು ಮುಗಿಸುತ್ತಿದ್ದ. "ಈ ತಿಂಗಳು 20 ರೂ. ಕಮ್ಮಿ. ಮಗಳ ಕಿವಿ ನೋವು ಹೇಗಿದೆ, ಬರೆ." "ಹಾಲಿನವನಿಗೆ ಬಾಕಿ ಇಟ್ಟುಕೊಳ್ಳಬೇಡ." "ಮಗ ನಡೆದನಾ?" ನೀನು ನಡೆದಾಗ ಅವನು ಎಲ್ಲೋ ಹಿಮದಲ್ಲಿದ್ದ. ಆ ಕಟ್ಟಿನಲ್ಲಿ ಮೂರು ಎತ್ತಿಕೊಂಡು ಹೋಗಿ ಓದಿಬಿಡು. ನೀನು ಸೇರಿಸುವುದಕ್ಕೆ ಏನೂ ಉಳಿಯುವುದಿಲ್ಲ. 1984ರಲ್ಲಿ ಪೆನ್ಶನ್ ಬಂದ ಮೇಲೆ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದದ್ದು, ಅದೆಲ್ಲ ನಿನಗೇ ಗೊತ್ತು.

ಇನ್ನೊಂದು. ಪೂಜೆಯ ಪ್ರಬೋಧನೆಯಲ್ಲಿ, ಅಂದರೆ ಫಾದರ್ ಕೊಡುವ ಉಪದೇಶದಲ್ಲಿ, ತೀರಿಕೊಂಡವರನ್ನು ಹೊಗಳುವ ಹಾಗಿಲ್ಲ, ಅದು ಧರ್ಮಸಭೆಯ ನಿಯಮ. ಮನೆಯವರು ಮಾತಾಡುವುದಾದರೆ ಪರಮಪ್ರಸಾದ ಆದ ಮೇಲೆ, ಅದೂ ಚಿಕ್ಕದಾಗಿ. ಫಾದರ್ ಹತ್ತಿರ ಮುಂಚೆಯೇ ಕೇಳಿಕೋ. ನಿನ್ನದು ನಾಲ್ಕು ಪುಟ ಇದೆ. ಮೂರು ನಿಮಿಷಕ್ಕೆ ಇಳಿಸು. ಪೀಠದ ಹತ್ತಿರ ಯೂನಿಫಾರ್ಮಿನ ಫೋಟೋ ಇಡುವ ಮಾತೂ ಬೇಡ, ಅದು ಮನೆಯಲ್ಲಿರಲಿ.

ನಿನ್ನಮ್ಮನ ಪೆನ್ಶನ್ ವಿಷಯ ಸಡಿಲ ಬಿಡಬೇಡ. ಪೆನ್ಶನ್ ಆದೇಶದ ಕಾಗದ ಪಿಪಿಒದಲ್ಲಿ ಜ್ಞಾನಸ್ನಾನದ ಹೆಸರು, ಆಧಾರ್‌ನಲ್ಲಿ ಮನೆ ಹೆಸರು ಅಂತ ಎಂಟು ತಿಂಗಳು ಅಲೆದಾಡಿಸಿದ್ದು ಸಾಕು. ವರ್ಷಕ್ಕೊಮ್ಮೆ ಸ್ಪರ್ಶ್ ಅನ್ನುವ ಸೈನ್ಯದ ಪೆನ್ಶನ್ ವೆಬ್‌ಸೈಟಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲೇಬೇಕು, ತಪ್ಪಿದರೆ ಹಣ ನಿಂತುಹೋಗುತ್ತದೆ, ಅತ್ತಿಗೆ ನಿನಗೆ ಹೇಳುವುದಿಲ್ಲ, ಡಬ್ಬಿಯಲ್ಲಿ ಕೂಡಿಟ್ಟದ್ದನ್ನು ತೆಗೆದು ಖರ್ಚು ಮಾಡುತ್ತಾರೆ. ಅವರ ಇಸಿಎಚ್‌ಎಸ್ ಕಾರ್ಡನ್ನೂ, ಮಾಜಿ ಸೈನಿಕರ ಮನೆಯವರ ಚಿಕಿತ್ಸೆಯ ಕಾರ್ಡು ಅದು, ನೋಡು. ಗೊತ್ತಾಗದಿದ್ದರೆ ಹಾಸನದಲ್ಲೇ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಹೋಗಿ ಕೇಳಿದರೆ ದಾರಿ ಹೇಳುತ್ತಾರೆ.

ಪೂಜೆ ಆದ ವಾರಕ್ಕೇ ನವೆಂಬರ್ 2, ಸಕಲ ಆತ್ಮಗಳ ದಿನ. ಸಮಾಧಿಗೆ ಸೇವಂತಿಗೆ, ಮೇಣದಬತ್ತಿ ಎಲ್ಲ ನೀನು ತರುತ್ತೀಯ, ಗೊತ್ತು. ಒಂದು ಮೇಣದಬತ್ತಿ ಜಾಸ್ತಿ ತಾ. ಕಾಂಪೌಂಡ್ ಗೋಡೆ ಹತ್ತಿರ, ಯಾರ ಸಮಾಧಿಯೂ ಇಲ್ಲದ ಕಡೆ ಅಣ್ಣ ಪ್ರತಿ ವರ್ಷ ಒಂದು ಹಚ್ಚುತ್ತಿದ್ದ, ನೀವು ಚಿಕ್ಕವರಿದ್ದಾಗ ಅದನ್ನು ಆಟಕ್ಕೆ ಊದಿ ಆರಿಸಿ ಏಟು ತಿಂದಿದ್ದಿರಿ. ಯಾರಿಗೆ ಅಂತ ಈಗ ಗೊತ್ತಾಯಿತಲ್ಲ.

ನಾನು ಶನಿವಾರ ಸಂಜೆ ಬೇಲೂರು ಮೇಲೆ ಬರುವ ಬಸ್ಸಿಗೆ ಬರುತ್ತೇನೆ, ಏಳು ಗಂಟೆ ಆಗಬಹುದು. ಮಂಡಿ ನೋವು ಜಾಸ್ತಿಯಾಗಿದೆ, ಆಟೋದವರ ಹತ್ತಿರ ಚೌಕಾಸಿ ಮಾಡುವ ಶಕ್ತಿ ಇಲ್ಲ. ಬಸ್ ಸ್ಟ್ಯಾಂಡಿಗೆ ಬಂದಿರು.

ನಿನ್ನ
ಅತ್ತೆ