ಕಪ್ಪು ಬೆಲ್ಲಕ್ಕೆ ಕ್ಷಮೆ ಯಾಕೆ ಕೇಳ್ತೀಯ

ಗೆಳೆಯಾ,

ನೀನು ಬಸ್ಸಿಗೆ ಹಾಕಿದ ಬೆಲ್ಲ ಮೊನ್ನೆ ಸಂಜೆ ಕೈಸೇರಿತು. ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಹೋಗಿ ನಾನೇ ಇಳಿಸಿಕೊಂಡು ಬಂದೆ. ಬಕೆಟ್ ಬೆಲ್ಲ ಅಂದ್ರೆ ನಮ್ಮ ಕಾಲದ ಹಾಗೇ ಬಕೆಟ್ಟಿನ ಆಕಾರದಲ್ಲೇ ಗಟ್ಟಿಯಾಗಿ ಕೂತಿದೆ, ಒಡೆಯೋಕೆ ಒನಕೆ ಇಲ್ಲದೆ ಕುಕ್ಕರಿನ ತಳದಲ್ಲಿ ಜಜ್ಜಿದ್ದಾಯ್ತು. ಅದರ ಮೇಲೆ ಸಿಕ್ಕಿಸಿದ್ದ ಚೀಟಿ ಮಾತ್ರ ಸರಿಬರಲಿಲ್ಲ ನೋಡು. 'ಈ ಸಲ ಬೆಲ್ಲ ಸ್ವಲ್ಪ ಕಪ್ಪಾಗಿದೆ, ಬೇಜಾರು ಮಾಡ್ಕೋಬೇಡ' ಅಂತ ಬರೆದಿದ್ದೀಯ. ಮಂಡ್ಯದವನು, ಆಲೆಮನೆ ಹೊಗೆಯಲ್ಲೇ ಬೆಳೆದವನು, ನೀನೂ ಕಪ್ಪು ಬೆಲ್ಲಕ್ಕೆ ಕ್ಷಮೆ ಕೇಳೋ ಹಾಗಾಯ್ತಲ್ಲ!

ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ನಿನ್ನ ಮಗನಿಗೆ ನಾಲ್ಕು ತುಂಬಿತು, ಅಂಗಡಿ ತಿಂಡಿಗೆ ಹಟ ಮಾಡ್ತಾನೆ, ಪೊಟ್ಟಣದ ಹಿಂದೆ ಬಣ್ಣ, ಹುಳಿ ಅಂತ ಸೇರಿಸಿದ ಪದಾರ್ಥಗಳಿಗೆ ಹಾಕಿರೋ ನಂಬರುಗಳನ್ನ ನೋಡಿ ನಿನ್ನ ಹೆಂಡತಿ ಹೆದರ್ತಾಳೆ, 'ನಿನ್ನ ಮಗಳಿಗೆ ಏನು ಕೊಡ್ತೀಯ, ಹಾಲಿಗೆ ಹಾಕೋ ಪುಡಿ ಕೊಡ್ತೀಯಾ' ಅಂತ. ಫೋನಲ್ಲಿ ಹೇಳೋಣ ಅಂದ್ಕೊಂಡೆ. ಫೋನಲ್ಲಿ ನಾವಿಬ್ಬರೂ ಮಳೆ, ಕಾಲುವೆ ನೀರು, ಕಬ್ಬಿನ ರೇಟು ಬಿಟ್ಟು ಬೇರೆ ಮಾತಾಡೋದೇ ಇಲ್ಲ. ಅದಕ್ಕೇ ಬರೀತಾ ಇದ್ದೀನಿ.

ಮೊದಲು ನನ್ನ ಪೆದ್ದುತನ ಹೇಳಿಬಿಡ್ತೀನಿ. ಮಗಳು ಚಿಕ್ಕವಳಿದ್ದಾಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಬಂತು. ಈ ನಂಬರ್ ಇದ್ದರೆ ಕ್ಯಾನ್ಸರ್, ಆ ನಂಬರ್ ಇದ್ದರೆ ಕಿಡ್ನಿ ಅಂತ. ಎಲ್ಲಕ್ಕಿಂತ ಅಪಾಯ 330 ಅಂತ ಕೆಂಪಕ್ಷರದಲ್ಲಿ ಬರೆದಿತ್ತು. ನಾನು ಎದ್ದು ಹೋಗಿ ಅಡಿಗೆಮನೆ ಕಪಾಟಿನಲ್ಲಿ 330 ಇದ್ದದ್ದನ್ನೆಲ್ಲ ಹುಡುಕಿ ಕಸಕ್ಕೆ ಹಾಕಿದೆ. ಜಾಮ್ ಬಾಟಲಿ, ಟೊಮೆಟೊ ಸಾಸ್, ನೆಂಟರು ತಂದುಕೊಟ್ಟಿದ್ದ ಹುಣಸೆಹಣ್ಣಿನ ಮಿಠಾಯಿ. ಆಮೇಲೆ ಗೊತ್ತಾಯ್ತು, 330 ಅಂದ್ರೆ ಸಿಟ್ರಿಕ್ ಆಸಿಡ್, ನಿಂಬೆಹಣ್ಣಿನ ಹುಳಿ! ಆ ಪಟ್ಟಿಯ ಮೂಲ ಇನ್ನೂ ಮಜವಾಗಿದೆ. 1976ರ ಹೊತ್ತಿಗೆ ಫ್ರಾನ್ಸಿನಲ್ಲಿ ಟೈಪ್ ಮಾಡಿದ ಒಂದು ಕರಪತ್ರ ಊರೂರು ಸುತ್ತಿತ್ತಂತೆ, ವಿಲ್‌ಜ್ವಿಫ್ ಅನ್ನೋ ಊರಿನ ಕ್ಯಾನ್ಸರ್ ಸಂಸ್ಥೆಯ ಹೆಸರು ಹೊತ್ತುಕೊಂಡು. ಆ ಸಂಸ್ಥೆ ತಾನು ಬರೆದದ್ದಲ್ಲ ಅಂತ ಎಷ್ಟು ಹೇಳಿದರೂ ನಿಲ್ಲಲಿಲ್ಲ. ನಮ್ಮ ಮೈಯ ಜೀವಕೋಶಗಳಲ್ಲಿ ಸಿಟ್ರಿಕ್ ಆಸಿಡ್ ಸುತ್ತುವ ದಾರಿಗೆ ಕ್ರೆಬ್ಸ್ ಚಕ್ರ ಅಂತ ಹೆಸರು, ಅದನ್ನ ಕಂಡುಹಿಡಿದ ಹಾನ್ಸ್ ಕ್ರೆಬ್ಸ್‌ಗೆ 1953ರಲ್ಲಿ ನೊಬೆಲ್ ಬಂದಿತ್ತು. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದ್ರೆ ಏಡಿ, ಕ್ಯಾನ್ಸರ್ ರೋಗಕ್ಕೂ ಅದೇ ಪದ. ಗಾಳಿಸುದ್ದಿ ಹುಟ್ಟಿದ್ದು ಅಲ್ಲಿಂದ ಅಂತಾರೆ. ಫ್ರಾನ್ಸಿನ ಏಡಿ ನಲವತ್ತು ಚಿಲ್ಲರೆ ವರ್ಷ ನಡೆದು ನಡೆದು ನಮ್ಮ ಚಿಕ್ಕಪ್ಪನ ಮೊಬೈಲಿಗೆ ಬಂದು ತಲುಪಿ, ನನ್ನ ಜಾಮ್ ಬಾಟಲಿ ತಿಂತು.

ಅವತ್ತಿನಿಂದ ಹೆದರೋದು ಬಿಟ್ಟು ಓದೋಕೆ ಶುರು ಮಾಡಿದೆ. ಮಗಳಿಗೆ ಈಗ ಒಂಬತ್ತು, ಅವಳಿಗಿದು ಆಟ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನಂಬರ್ ಕೂಗ್ತಾಳೆ, ನಾನು ಹೆಸರು ಹೇಳಬೇಕು. '500?' ಅಡಿಗೆ ಸೋಡಾದ ಕುಟುಂಬ. ಹಪ್ಪಳಕ್ಕೆ ಹಾಕೋ ಖಾರ, ಮೆಣಸಿನ ಖಾರ ಅಲ್ಲ, ಆ ಸೋಡಾದಂಥ ಉಪ್ಪು, ಅದೂ ಅದೇ ಪೈಕಿ. '322?' ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ ತೆಗೀತಾರೆ. '300?' ವಿಟಮಿನ್ ಸಿ. '160ಸಿ?' ಮೆಣಸಿನಕಾಯಿಯ ಬಣ್ಣ, ನಮ್ಮ ಬ್ಯಾಡಗಿಯಿಂದಲೂ ಇದನ್ನ ತೆಗೆದು ಹೊರದೇಶಕ್ಕೆ ಕಳಿಸ್ತಾರೆ. '100?' ಅರಿಶಿನ. '102?' ಬೇಡ, ಇಡು ಕೆಳಗೆ.

ನೋಡು, 100 ಮತ್ತು 102ರ ನಡುವೆ ಎರಡೇ ಅಂಕಿ. ಎರಡೂ ಹಳದಿ. ಒಂದು ಅರಿಶಿನದ ಕೊಂಬಿನಿಂದ ಬಂದದ್ದು, ಇನ್ನೊಂದು ಟಾರ್ಟ್ರಜಿನ್, ಕಾರ್ಖಾನೆಯಲ್ಲಿ ಪೆಟ್ರೋಲಿಯಂ ಮೂಲದ ವಸ್ತುಗಳಿಂದ ಮಾಡಿದ್ದು. ನಂಬರ್ ಇದೆ ಅಂದ್ರೆ ವಿಷ ಅಂತಲ್ಲ, ಅದು ಬರೀ ರೋಲ್ ನಂಬರ್. ಅದೇ ಕ್ಲಾಸಿನಲ್ಲಿ ಸಾಧು ಹುಡುಗರೂ ಇದ್ದಾರೆ, ಪುಂಡರೂ ಇದ್ದಾರೆ. ನಿನ್ನ ಹೆಂಡತಿಗೆ ಇಷ್ಟು ಹೇಳು ಸಾಕು. ಟೇಸ್ಟಿಂಗ್ ಪೌಡರ್ ಅಂತ ಎಲ್ಲರೂ ಬೈತಾರಲ್ಲ, 621, ಅದರ ಬಗ್ಗೆಯೂ ನನಗೆ ಅಷ್ಟು ಸಿಟ್ಟಿಲ್ಲ. 1908ರಲ್ಲಿ ಜಪಾನಿನ ಇಕೆದಾ ಅನ್ನೋ ಮೇಷ್ಟ್ರು ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ ರುಚಿ ಅದು, ನಮ್ಮ ಟೊಮೆಟೊ ಸಾರಿನಲ್ಲೂ ಅದೇ ಗ್ಲುಟಮೇಟ್ ಇದೆ. ಒಂದು ವರ್ಷದೊಳಗಿನ ಕೂಸಿಗೆ ಬೇಡ ಅಂತ ಪೊಟ್ಟಣದ ಮೇಲೆ ಬರೆಯಬೇಕು ಅನ್ನೋ ನಿಯಮ ಇದೆ. ನನ್ನ ತಕರಾರು ಬೇರೆ: ಅದು ಬಿದ್ದ ಕಡೆ ಉಪ್ಪೂ ಎಣ್ಣೆಯೂ ಜೊತೆಗೇ ಬಂದಿರ್ತವೆ, ಮಗು ನಿಲ್ಲಿಸದೆ ತಿನ್ನುತ್ತೆ.

ನನ್ನ ತಲೆ ಕೆಡಿಸಿದ್ದು ಬಣ್ಣ. ಅದರ ಕತೆ ಸ್ವಲ್ಪ ದೊಡ್ಡದು, ಟೀ ಇಟ್ಕೊಂಡು ಓದು.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಜಾತ್ರೆಗೆ ಕರ್ಕೊಂಡು ಹೋಗಿದ್ದೆ. ಬಾಂಬೆ ಮಿಠಾಯಿ ಕೊಡಿಸಿದೆ, ನಮ್ಮಪ್ಪ ನನಗೆ ಕೊಡಿಸಿದ್ದ ಹಾಗೇ. ಕಣ್ಣು ಕೋರೈಸೋ ಗುಲಾಬಿ. ರಾತ್ರಿ ಮನೆಗೆ ಬಂದು ಕೈ ತೊಳೆಸಿದರೆ ಬೆರಳ ತುದಿಯ ಬಣ್ಣ ಹೋಗಲೊಲ್ಲದು. ಸೋಪು, ಆಮೇಲೆ ಕಡಲೆಹಿಟ್ಟು, ಆಮೇಲೆ ಕೊಬ್ಬರಿ ಎಣ್ಣೆ. ಬೆಳಗ್ಗೆ ಯೂನಿಫಾರಂ ಹಾಕ್ಕೊಂಡು ನಿಂತಾಗಲೂ ಉಗುರಿನ ಸಂದಿಯಲ್ಲಿ ಗುಲಾಬಿ ಗೆರೆ. ಚರ್ಮಕ್ಕೆ ಹೀಗೆ ಅಂಟಿದ್ದು ಒಳಗೆ ಹೋಗಿ ಏನು ಮಾಡ್ತಿದೆಯೋ ಅಂತ ಆವತ್ತು ಆಫೀಸಿನಲ್ಲಿ ಕೆಲಸವೇ ಸಾಗಲಿಲ್ಲ. ಅದಾಗಿ ಕೆಲವೇ ವಾರಕ್ಕೆ, 2024ರ ಫೆಬ್ರವರಿಯಲ್ಲಿ, ಪುದುಚೇರಿಯೂ ತಮಿಳುನಾಡೂ ಬಾಂಬೆ ಮಿಠಾಯಿ ನಿಷೇಧಿಸಿದವು. ಅದರಲ್ಲಿ ರೋಡಮೈನ್-ಬಿ ಸಿಕ್ಕಿತ್ತು, ಅಂದ್ರೆ ಬಟ್ಟೆಗೆ ಹಾಕೋ ಬಣ್ಣ. ಮಾರ್ಚ್ 11ಕ್ಕೆ ನಮ್ಮ ಸರ್ಕಾರದ ಸರದಿ, ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ. 171 ಗೋಬಿ ಮಂಚೂರಿ ಮಾದರಿ ತೆಗೆದರೆ 107ರಲ್ಲಿ, 25 ಬಾಂಬೆ ಮಿಠಾಯಿ ಮಾದರಿಯಲ್ಲಿ 15ರಲ್ಲಿ, ಹಾಕಬಾರದ ಬಣ್ಣ. ಸಿಕ್ಕಿಬಿದ್ದರೆ ಜೈಲು, ಹತ್ತು ಲಕ್ಷದವರೆಗೆ ದಂಡ ಅಂತ ಟಿವಿಯಲ್ಲಿ ಬಂತು. ಜೂನ್‌ನಲ್ಲಿ ಕಬಾಬಿಗೂ ಅದೇ ಆಜ್ಞೆ.

ಗೋಬಿಗೆ ಆಜ್ಞೆ ಬಂದ ದಿನ ಸಂಜೆ ನಮ್ಮ ಬೀದಿ ತಿರುವಿನ ಗೋಬಿ ಗಾಡಿಯವನು ಕಂದು ಬಣ್ಣದ ಗೋಬಿ ಇಟ್ಕೊಂಡು ನಿಂತಿದ್ದ. ಒಳ್ಳೆಯ ಮನುಷ್ಯ, ಅವತ್ತಿಂದಲೇ ಬಣ್ಣ ಬಿಟ್ಟುಬಿಟ್ಟ. ನಾನು ಹೆಮ್ಮೆಯಿಂದ ಮಗಳನ್ನ ಕರ್ಕೊಂಡು ಹೋಗಿ ಒಂದು ಪ್ಲೇಟ್ ತಗೊಂಡೆ. ಅವಳು ಕಡ್ಡಿಯಲ್ಲಿ ಒಂದು ತುಂಡು ಚುಚ್ಚಿ ಬೀದಿದೀಪಕ್ಕೆ ಹಿಡಿದು ನೋಡಿದಳು. 'ಅಪ್ಪಾ, ಇದು ಗೋಬಿ ಅಲ್ಲ, ಬಜ್ಜಿ.' ಬಾಯಿಗೇ ಇಡಲಿಲ್ಲ. ಪಕ್ಕದಲ್ಲಿದ್ದ ಇಬ್ಬರು ಕಾಲೇಜು ಹುಡುಗರೂ ಬಾಣಲಿ ಇಣುಕಿ ನೋಡಿ ಮುಂದೆ ಹೋದರು. ಒಂದು ವಾರಕ್ಕೆ ವ್ಯಾಪಾರ ಅರ್ಧಕ್ಕಿಳಿದಿದೆ ಅಂತ ಆಮೇಲೊಂದು ದಿನ ಅವನು ಹೇಳಿದ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಪ್ಪ ಅಂದೆ. ಅವನು ನಕ್ಕುಬಿಟ್ಟ. ಬ್ಯಾಡಗಿಯ ಕೆಂಪು ಎಣ್ಣೆಯಲ್ಲಿ ಕರಗೋ ಜಾತಿ ಸಾರ್, ಒಗ್ಗರಣೆಯಲ್ಲಿ ಚೆಂದ. ಕುದಿಯೋ ಬಾಣಲಿಗೆ ಬಿಟ್ಟರೆ ಅರ್ಧ ಎಣ್ಣೆಗೆ ಹೋಗುತ್ತೆ, ಉಳಿದದ್ದು ಕರಟುತ್ತೆ. ಆ ಕೃತಕ ಬಣ್ಣದ ಪುಡಿಯಾದ್ರೆ ಚಿಟಿಕೆ ಸಾಕು, ಎಷ್ಟು ಕರಿದರೂ ಜಪ್ಪಯ್ಯ ಅನ್ನಲ್ಲ ಅಂದ. ಅವನ ಲೆಕ್ಕ ಸರಿಯೇ ಇತ್ತು.

ನನಗೆ ಅಲ್ಲಿ ನಿಮ್ಮೂರ ಆಲೆಮನೆ ನೆನಪಾಯ್ತು. ನನ್ನ ಸೋದರಮಾವನದ್ದು, ಕಾಲುವೆ ಪಕ್ಕದ್ದು, ನಾವಿಬ್ಬರೂ ಬಿಸಿಬೆಲ್ಲಕ್ಕೆ ಕಬ್ಬಿನ ಜಲ್ಲೆ ಹಿಡ್ಕೊಂಡು ಕಾಯ್ತಿದ್ದದ್ದು. ಮೊದಲು ಮಾವ ಬೆಂಡೆ ಗಿಡ ಜಜ್ಜಿ ಆ ಲೋಳೆಯನ್ನ ಕೊಪ್ಪರಿಗೆಗೆ ಬಿಡ್ತಿದ್ದ, ಚಿಟಿಕೆ ಸುಣ್ಣ. ಮಡ್ಡಿ ಮೇಲೆ ಬಂದದ್ದನ್ನ ಜಾಲರಿಯಲ್ಲಿ ತೆಗೆದು ಹಾಕೋದು. ಬೆಲ್ಲ ಒಣಗಿದ ಹೊಂಗೆಕಾಯಿಯ ಬಣ್ಣಕ್ಕೆ ಬರ್ತಿತ್ತು. ಆಮೇಲೆ ಒಂದು ವರ್ಷ ಬಿಳಿ ಪುಡಿಯ ಡಬ್ಬ ಬಂತು, ನೆನಪಿದೆಯಾ? ಹೈಡ್ರೋಸ್, ಬಣ್ಣ ತಿಳಿ ಮಾಡೋ ಗಂಧಕದ ರಾಸಾಯನಿಕ. ಒಂದು ಹಿಡಿ ಎರಚಿದರೆ ಕಂದು ಪಾಕ ನಮ್ಮ ಕಣ್ಣೆದುರೇ ಹೊಂಬಣ್ಣಕ್ಕೆ ತಿರುಗೋದು, ಬೆಂಕಿಕಡ್ಡಿ ಗೀಚಿದ ಹಾಗೆ ಗಂಧಕದ ಘಾಟು ಮೂಗಿಗೆ ಹೊಡೆಯೋದು. ನಾವು ಅದನ್ನ ಮ್ಯಾಜಿಕ್ ಅಂದ್ಕೊಂಡು ಚಪ್ಪಾಳೆ ತಟ್ಟಿದ್ದೆವು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗ ಮೀರಬಾರದು ಅಂತ ಕಾನೂನಿದೆ. ಹಿಡಿಯಲ್ಲಿ ಎರಚೋನು ಭಾಗ ಎಲ್ಲಿ ಎಣಿಸ್ತಾನೆ? ಮಾವ ಕೆಟ್ಟವನಲ್ಲ. ಮಂಡಿಯಲ್ಲಿ ಕಪ್ಪು ಬೆಲ್ಲ ಕಂಡರೆ ದಲ್ಲಾಳಿ ಮೂಗು ಮುರಿದು ಕ್ವಿಂಟಾಲಿಗೆ ಇಷ್ಟು ಅಂತ ಮುರಿದೇ ಕೊಡ್ತಿದ್ದ. ದಲ್ಲಾಳಿಯನ್ನ ಕೇಳಿದರೆ ಪೇಟೆಯವರು ಬಿಳೀದೇ ಕೇಳ್ತಾರೆ ಅಂತಿದ್ದ. ಆ ಪೇಟೆಯವರು ಅಂದ್ರೆ ಈಗ ನಾನೇ ಕಣೋ.

ಅಮ್ಮನ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಂತ ಒಂದು ಲೇಖನ ಬರೆಯೋಣ ಅನ್ನಿಸಿತ್ತು ಒಮ್ಮೆ. ಪುಣ್ಯಕ್ಕೆ ಬರೆಯೋ ಮೊದಲು ಅಮ್ಮನ ಹಳೇ ಸಾಂಬಾರ ಡಬ್ಬಿ ತೆಗೆದು ನೋಡಿದೆ. ಏಲಕ್ಕಿ ಬಟ್ಟಲಿನ ಕೆಳಗೆ ಮಡಚಿದ ಪುಟ್ಟ ಕಾಗದದ ಪೊಟ್ಟಣ, ಒಳಗೆ ಕೇಸರಿ ಬಣ್ಣದ ಪುಡಿ. ಬೆಂಕಿಕಡ್ಡಿ ತುದಿಯಲ್ಲಿ ಅದ್ದಿ ಹಾಲಿಗೆ ಕದಡಿ ಕೇಸರಿಬಾತಿಗೆ ಹಾಕ್ತಿದ್ದಳು. 'ನಿಜವಾದ ಕೇಸರಿ ತರೋಕೆ ನಿಮ್ಮಪ್ಪ ಏನು ಮಹಾರಾಜರ ದಿವಾನರಾ?' ಅಂದಳು ಕೇಳಿದ್ದಕ್ಕೆ. ನನ್ನ ಪ್ರತಿ ಹುಟ್ಟುಹಬ್ಬದ ಕೇಸರಿಬಾತೂ ಆ ಪೊಟ್ಟಣದ್ದೇ. ಲೇಖನ ಅಲ್ಲಿಗೇ ನಿಂತಿತು.

ಹಾಗಂತ ಬಣ್ಣದಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ರೋಡಮೈನ್ ಬಿಡು, ಅದು ಊಟದ ಹತ್ತಿರವೇ ಸುಳಿಯಬಾರದು. ಪರವಾನಗಿ ಇರೋ ಬಣ್ಣಗಳ ಬಗ್ಗೆಯೂ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಕ್ಕಳ ಮೇಲೆ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದರು. ಆರು ಕೃತಕ ಬಣ್ಣಗಳಲ್ಲಿ ಕೆಲವನ್ನೂ, ಕೆಡದ ಹಾಗೆ ಹಾಕೋ ಬೆಂಜೋಯೇಟನ್ನೂ ಸೇರಿಸಿದ ಪಾನಕ ಕುಡಿದ ಮಕ್ಕಳಲ್ಲಿ ಚಡಪಡಿಕೆ ಒಂದಿಷ್ಟು ಹೆಚ್ಚು. ಎಲ್ಲ ಮಕ್ಕಳಿಗೂ ಅಲ್ಲ, ಬಹಳವೂ ಅಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಆ ಆರು ಬಣ್ಣಗಳಿದ್ದರೆ ಮಕ್ಕಳ ಗಮನ, ಚಟುವಟಿಕೆಗೆ ತೊಂದರೆ ಆಗಬಹುದು ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು. ನಮ್ಮಲ್ಲಿ ಪರವಾನಗಿ ಇರೋದು ಎಂಟು ಕೃತಕ ಬಣ್ಣಕ್ಕೆ, ಅದೂ ಗೊತ್ತುಮಾಡಿದ ತಿನಿಸುಗಳಿಗೆ, ಅಳತೆಯೊಳಗೆ. ನನ್ನ ಮಗಳು ಬಣ್ಣ ತಿನ್ನದೆಯೂ ಸೋಫಾ ಮೇಲೆ ಕುಣೀತಾಳೆ, ಅದು ಬೇರೆ ಮಾತು.

ಹಾಲಿಗೆ ಹಾಕೋ ಪುಡಿ ಬಗ್ಗೆ ಕೇಳಿದ್ದೆಯಲ್ಲ. ನಾವು ನಿಲ್ಲಿಸಿದ್ದೀವಿ. ಪೊಟ್ಟಣದ ಮೇಲೆ ಪದಾರ್ಥಗಳನ್ನ ತೂಕದ ಪ್ರಕಾರ ಇಳಿಕೆಯಲ್ಲಿ ಬರೀತಾರೆ, ನಮ್ಮ ಮನೆ ಡಬ್ಬಿಯಲ್ಲಿ ಸಕ್ಕರೆ ಎರಡನೇ ಹೆಸರು. ಅದರ ಮೇಲೆ ನಾವು ಬೇರೆ ಒಂದು ಚಮಚ ಸುರೀತಿದ್ದೆವು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತು, ಇವನ್ನ ಹೆಲ್ತ್ ಡ್ರಿಂಕ್ ಅಂತ ಮಾರಬೇಡಿ, ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಅಂತ. ಈಗ ರಾಗಿ ಹುರಿಹಿಟ್ಟು, ನಿನ್ನ ಬೆಲ್ಲ. ಬೆಲ್ಲವೂ ಸಕ್ಕರೆಯ ಅಣ್ಣನೇ ಅಂತ ನನಗೂ ಗೊತ್ತು, ಚಮಚ ತಲೆ ತಟ್ಟಿಯೇ ಹಾಕೋದು. ಅಂಗಡಿ ತಿಂಡಿ ಪೂರ್ತಿ ಬಿಡಿಸೋಕೆ ಹೋಗಬೇಡ, ಮಾವನ ಮನೆಯಲ್ಲಿ ಕದ್ದು ತಿಂತಾನೆ. ನಮ್ಮಲ್ಲಿ ಶನಿವಾರ ಒಂದು ಪೊಟ್ಟಣ, ಹಿಂಬದಿ ಓದಿದವರಿಗೆ ಮಾತ್ರ.

ಬಣ್ಣ ಹಾಕದ ಗೋಬಿಗೂ ಮಗಳು ಹಾಗೇ ಒಗ್ಗಿಕೊಂಡಳು, ಆದರೆ ಏಳೆಂಟು ತಿಂಗಳು ಹಿಡೀತು. ಈಗ ಕೆಂಪಗಿರೋ ಗಾಡಿ ಕಂಡರೆ ನನಗಿಂತ ಮೊದಲು ಅವಳೇ ಕೈ ಎಳೀತಾಳೆ.

ಇದನ್ನ ಬರೀತಾ ಇರುವಾಗ ಅಡಿಗೆಮನೆಯಿಂದ ಬೇಳೆ ಬೆಂದ ವಾಸನೆ. ನಾಡಿದ್ದು ಯುಗಾದಿ, ನೆಂಟರು ಬರ್ತಾರೆ, ಅಮ್ಮ ನಿನ್ನ ಬೆಲ್ಲದಲ್ಲಿ ಸ್ವಲ್ಪ ಹೂರಣ ಮಾಡಿ ನೋಡ್ತಿದ್ದಾಳೆ. ಈಗಷ್ಟೇ ಕರೆದು ಬಾಣಲಿ ತೋರಿಸಿದಳು. ರುಚಿಗೆ ಎರಡು ಮಾತಿಲ್ಲವಂತೆ, ಬಣ್ಣ ಮಾತ್ರ ಮಣ್ಣಿನ ಥರ ಇದೆಯಂತೆ, ಬೀಗರೆದುರು ಹೇಗೆ ಬಡಿಸೋದು? 'ಇರಲಿ ಬಿಡು, ಕಣಕಕ್ಕೆ ಎರಡು ಚಿಟಿಕೆ ಅರಿಶಿನ ಜಾಸ್ತಿ ಹಾಕಿ ಮುಚ್ಚಿಬಿಡ್ತೀನಿ' ಅಂದಳು.

ನಡುಮನೆಯಲ್ಲಿ ಹೋಂವರ್ಕ್ ಮಾಡ್ತಿದ್ದ ಮಗಳು ಅಲ್ಲಿಂದಲೇ ಕೂಗಿದಳು: 'ಅಜ್ಜೀ, 100!'

ಇಂತಿ,
ನಿನ್ನ ಗೆಳೆಯ